ಕಸದ ಡಬ್ಬ ಕೊಳ್ಳುವ ಮೊದಲು ಕಸ ಅಳೆಯಿರಿ

ಒಂದು ಕಾಲೇಜಿನಲ್ಲಿ ಡಸ್ಟ್‌ಬಿನ್ ಕೊಳ್ಳುವ ಕಮಿಟಿಯಲ್ಲಿ ನಾನೂ ಇದ್ದೆ. ಕ್ಯಾಟಲಾಗ್ ತಿರುವಿ, ಕಂಬಕ್ಕೆ ತೂಗುಹಾಕಿದ ಫಳಫಳ ಸ್ಟೀಲ್ ಜೋಡಿ ಡಬ್ಬಗಳನ್ನು ಆರಿಸಿದೆವು. ಫೋಟೊದಲ್ಲಿ ಚೆನ್ನಾಗಿ ಕಾಣುತ್ತಿದ್ದವು. ಖಾಲಿ ಮಾಡಬೇಕೆಂದರೆ ಒಬ್ಬರು ಡಬ್ಬ ಮಗುಚಬೇಕು, ಇನ್ನೊಬ್ಬರು ಕೆಳಗೆ ಬಕೆಟ್ ಹಿಡಿಯಬೇಕು. ಗುಡಿಸುವ ಅಕ್ಕ ಇದ್ದದ್ದು ಒಬ್ಬರೇ. "ಸಾರ್, ಇದನ್ನ ಆರಿಸಿದವರು ಒಂದ್ಸಲ ಖಾಲಿ ಮಾಡಿ ತೋರಿಸ್ಲಿ" ಅಂದರು. ನಾನು ಮಾಡಿ ತೋರಿಸಲು ಹೋದೆ. ಅರ್ಧ ಕಸ ನನ್ನ ಚಪ್ಪಲಿ ಮೇಲೆ ಬಿತ್ತು.

ಹಾಗಾಗಿ ಶಾಲೆ, ಕಾಲೇಜು, ಹಾಸ್ಟೆಲ್, ಕಚೇರಿ ಯಾವುದಕ್ಕೇ ಕೊಳ್ಳುವುದಿದ್ದರೂ ಕ್ಯಾಟಲಾಗ್ ಪಕ್ಕಕ್ಕಿಡಿ. ಕಸ ಎತ್ತುವವರನ್ನು ಮೊದಲ ಮೀಟಿಂಗಿಗೇ ಕರೆಯಿರಿ. ಕುರ್ಚಿ ಕೊಡಿ, ಚಹಾ ಕೊಡಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ.

ಒಂದು ವಾರ ಬಕೆಟ್ ಲೆಕ್ಕ

ಇದಕ್ಕೆ ದೊಡ್ಡ ಸರ್ವೆ ಏನೂ ಬೇಡ. 20 ಲೀಟರಿನ ಖಾಲಿ ಪೇಂಟ್ ಬಕೆಟ್ ಮೂರ್ನಾಲ್ಕು, ಒಂದು ಟಾರ್ಪಾಲು, ಗ್ಲೌಸು, ಒಂದು ತೂಗುವ ಕೊಕ್ಕೆ ತಕ್ಕಡಿ ಸಾಕು. ದಿನದ ಕೊನೆಗೆ ಪ್ರತಿ ಜಾಗದ ಕಸವನ್ನು ಟಾರ್ಪಾಲಿನ ಮೇಲೆ ಸುರಿದು ಬೇರೆ ಮಾಡಿ, ಯಾವುದು ಎಷ್ಟು ಬಕೆಟ್ ಎಂದು ಎಣಿಸಿ. ಒಣ ಕಸ ಆರು ಬಕೆಟ್ ಆದರೆ 120 ಲೀಟರ್. ಅದರ ಮೇಲೆ ಕಾಲು ಭಾಗ ಜಾಸ್ತಿ ಇಟ್ಟುಕೊಳ್ಳಿ, ಏಕೆಂದರೆ ಜನ ಡಬ್ಬದಲ್ಲಿ ಒತ್ತಿ ಹಾಕುವುದಿಲ್ಲ. ಕಸದ ಗಾಡಿ ದಿನ ಬಿಟ್ಟು ದಿನ ಬರುವುದಾದರೆ ಎರಡು ದಿನದ ಲೆಕ್ಕ ಹಿಡಿಯಿರಿ. ಆಯುಧ ಪೂಜೆಯ ಮಾರನೇ ದಿನದ ಚೆಂಡು ಹೂವು, ಬಾಳೆ ಕಂದು, ಒಡೆದ ಬೂದುಗುಂಬಳಕ್ಕೆ ಡಬ್ಬ ಕೊಳ್ಳಲು ಹೋಗಬೇಡಿ. ಅಂಥ ದಿನಕ್ಕೆ ಗೋಣಿಚೀಲ ಸಾಕು.

ತೂಕವನ್ನೂ ಬರೆದಿಡಿ. ದಿನಕ್ಕೆ ಒಟ್ಟು 100 ಕಿಲೋ ದಾಟಿದರೆ ಸಂಸ್ಥೆ ಭಾರೀ ಪ್ರಮಾಣದಲ್ಲಿ ಕಸ ಮಾಡುವವರ ಪಟ್ಟಿಗೆ ಸೇರುತ್ತದೆ. ಆಗ ಜವಾಬ್ದಾರಿಯೂ ಹೆಚ್ಚು. ಹಾಸ್ಟೆಲ್ ಮೆಸ್ ಇದ್ದರೆ ಈ ಗೆರೆ ನೀವು ಅಂದುಕೊಂಡಷ್ಟು ದೂರ ಇರುವುದಿಲ್ಲ.

ಎಲ್ಲ ಕಡೆ ಎಲ್ಲ ಡಬ್ಬ ಬೇಡ

ತರಗತಿಯಲ್ಲಿ ಬರುವುದು ಕಾಗದ, ಪೆನ್ನು, ಚಾಕೊಲೇಟ್ ಕವರು. ಅಲ್ಲಿ ಹಸಿ ಕಸದ ಡಬ್ಬ ಇಟ್ಟರೆ ಒಂದು ಬಾಳೆಹಣ್ಣಿನ ಸಿಪ್ಪೆ ಮೂರು ದಿನ ಕೂತಿರುತ್ತದೆ. ತರಗತಿಗೆ ಒಣ ಕಸದ ಬುಟ್ಟಿ ಒಂದೇ ಸಾಕು. ಕಾರಿಡಾರಿನಲ್ಲಿ, ಕ್ಯಾಂಟೀನಿನಲ್ಲಿ ಮಾತ್ರ ಹಸಿ, ಒಣ ಎರಡನ್ನೂ ಅಕ್ಕಪಕ್ಕ ಅಂಟಿಸಿದಂತೆ ಇಡಿ. ಹತ್ತು ಹೆಜ್ಜೆ ದೂರ ಇಟ್ಟರೆ ಯಾರೂ ನಡೆಯುವುದಿಲ್ಲ, ಹತ್ತಿರ ಇರುವುದಕ್ಕೇ ಎಲ್ಲ ಬೀಳುತ್ತದೆ. ಹೆಣ್ಣುಮಕ್ಕಳ ಶೌಚಾಲಯದ ಒಂದೊಂದು ಕೋಣೆಯಲ್ಲೂ ಪೆಡಲ್ ಒತ್ತಿ ತೆಗೆಯುವ ಚಿಕ್ಕ ಡಬ್ಬ ಬೇಕೇ ಬೇಕು. ಪಕ್ಕದಲ್ಲಿ ಹಳೆ ಪೇಪರಿನ ತುಂಡುಗಳೂ ಇರಲಿ, ಪ್ಯಾಡ್ ಸುತ್ತಿ ಹಾಕಲು. ಹಳೆ ಬ್ಯಾಟರಿ, ಟ್ಯೂಬ್‌ಲೈಟ್, ಕೆಟ್ಟ ಮೌಸು ಇಂಥವಕ್ಕೆ ಆಫೀಸಿನಲ್ಲಿ ಒಂದು ಪೆಟ್ಟಿಗೆ ಇಟ್ಟರಾಯಿತು.

ಕ್ಯಾಂಟೀನಿನ ಲೋಟ

ನಿಜವಾದ ಗೋಳು ಇರುವುದು ಇಲ್ಲಿ. ಪೇಪರ್ ಲೋಟದಲ್ಲಿ ಎರಡು ಗುಟುಕು ಚಹಾ ಉಳಿಸಿ ಒಣ ಕಸಕ್ಕೆ ಎಸೆಯುತ್ತಾರೆ. ಸಂಜೆ ಹೊತ್ತಿಗೆ ಅಡಿಯ ಕಾಗದವೆಲ್ಲ ಮುದ್ದೆ. ಆಮೇಲೆ ಅದನ್ನು ಗುಜರಿಯವರೂ ಕೊಳ್ಳುವುದಿಲ್ಲ. ಹೆಸರಿಗೆ ಪೇಪರ್ ಲೋಟವಾದರೂ ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಪದರ ಇರುತ್ತದೆ, ಅದು ಬರೀ ಕಾಗದವಲ್ಲ. ಡಬ್ಬಗಳ ಪಕ್ಕ ಜರಡಿ ಕೂರಿಸಿದ ಒಂದು ಮುಸುರೆ ಬಕೆಟ್ ಇಡಿ. ಉಳಿದ ಚಹಾ, ಸಾರು ಅದಕ್ಕೆ. ಸ್ಟೀಲ್ ಲೋಟಕ್ಕೆ ಮರಳಿದರೆ ಒಂದು ಡಬ್ಬದ ಖರ್ಚೇ ಉಳಿಯುತ್ತದೆ ಅನ್ನಿ, ಆದರೆ ತೊಳೆಯುವವರು ಯಾರು ಎಂಬ ಜಗಳ ಶುರುವಾಗುತ್ತದೆ!

ಸೈಜು, ಮುಚ್ಚಳ, ಚಕ್ರ

ಒಣ ಕಸ ಹಗುರ. ಅದಕ್ಕೆ 120 ಅಥವಾ 240 ಲೀಟರಿನ ಚಕ್ರದ ಡಬ್ಬ ಸರಿ. ಹಸಿ ಕಸಕ್ಕೆ ಈ ಲೆಕ್ಕ ಹಿಡಿಯಬೇಡಿ. ಅನ್ನ, ಸಾರು ಕಲಸಿದ್ದು ಹೆಚ್ಚುಕಮ್ಮಿ ನೀರಿನಷ್ಟೇ ಭಾರ. 60 ಲೀಟರಿನ ಡಬ್ಬ ತುಂಬಿದರೆ 40 ಕಿಲೋ ಮೀರಬಹುದು. ಅಡುಗೆಮನೆಗೆ ದೊಡ್ಡದು ಒಂದರ ಬದಲು ಎರಡೂ ಕಡೆ ಹಿಡಿ ಇರುವ ಚಿಕ್ಕವು ನಾಲ್ಕು ತೊಗೊಳ್ಳಿ. ಹಸಿ ಕಸದ ಡಬ್ಬದ ಒಳಗೋಡೆ ನುಣ್ಣಗಿರಲಿ, ಮೂಲೆಗಳು ಗುಂಡಗಿರಲಿ. ಇಲ್ಲದಿದ್ದರೆ ತೊಳೆಯುವಾಗ ಅನ್ನದ ಅಗುಳು ಸಂದಿಯಲ್ಲೇ ಕೂರುತ್ತದೆ.

ಕೈಯಲ್ಲಿ ತಳ್ಳಿ ಹಾಕುವ ತೂಗಾಡುವ ಮುಚ್ಚಳ ನನಗೆ ಹಿಡಿಸುವುದಿಲ್ಲ. ಅಂಟು ಮುಟ್ಟಲು ಯಾರಿಗೂ ಮನಸ್ಸಿಲ್ಲ, ಕಸವನ್ನು ಮೇಲೆ ಇಟ್ಟು ಹೋಗುತ್ತಾರೆ. ಹಸಿ ಕಸಕ್ಕೆ ಪೆಡಲ್, ಒಳಗಿನ ಒಣ ಕಸಕ್ಕೆ ತೆರೆದ ಬಾಯಿ. ಹೊರಗಿಡುವುದಕ್ಕೆ ಬಿಗಿ ಮುಚ್ಚಳ ಬೇಕು. ಕೋತಿ, ನಾಯಿ, ಹೆಗ್ಗಣ ಬಿಡಿ, ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳವಿಲ್ಲದ ಡಬ್ಬ ರಾತ್ರೋರಾತ್ರಿ ಹಂಡೆ ಆಗಿರುತ್ತದೆ.

ಬಣ್ಣದಲ್ಲಿ ಜಾಣತನ ಬೇಡ. ಹಸಿಗೆ ಹಸಿರು, ಒಣಕ್ಕೆ ನೀಲಿ ಈಗ ದೇಶದಲ್ಲೆಲ್ಲ ರೂಢಿ. ನಿಮ್ಮ ಊರಿನ ಪಾಲಿಕೆ, ಪುರಸಭೆ ಬೇರೆ ಹೇಳಿದ್ದರೆ ಅದೇ ಇರಲಿ. ಲೇಬಲ್ಲಿನಲ್ಲಿ ಬರೀ ಅಕ್ಷರ ಸಾಲದು. ವಾರದ ಲೆಕ್ಕದಲ್ಲಿ ಸಿಕ್ಕ ನಿಮ್ಮದೇ ಕಸದ ಫೋಟೊ ಹಾಕಿ, ಡಬ್ಬದ ಹಿಂದಿನ ಗೋಡೆಗೆ ಕಣ್ಣೆತ್ತರದಲ್ಲಿ ಅಂಟಿಸಿ. ಕಪ್ಪು ಚೀಲ ಬೇಡ, ಒಳಗೇನಿದೆ ಕಾಣುವುದಿಲ್ಲ. ಒಣ ಕಸಕ್ಕೆ ಚೀಲವೇ ಇಲ್ಲದಿದ್ದರೂ ನಡೆಯುತ್ತದೆ.

ಆರ್ಡರ್ ಕೊಡುವ ಮೊದಲು

ಎರಡು ಡಬ್ಬ ಮಾತ್ರ ತರಿಸಿ, ಹದಿನೈದು ದಿನ ಕ್ಯಾಂಟೀನಿನಲ್ಲಿ ಇಟ್ಟು ನೋಡಿ. ಎತ್ತುವವರು ಮೆಟ್ಟಿಲಿಳಿಸಿ ನೋಡಲಿ, ಗಾಡಿಗೆ ಸುರಿದು ನೋಡಲಿ. ಡಬ್ಬದ ಅಂಚು ಗಾಡಿಯ ಎತ್ತರಕ್ಕೆ ಸರಿಯಾಗಿ ಬರದಿದ್ದರೆ ಭಾರವೆಲ್ಲ ಹೆಗಲಿಗೆ ಬೀಳುತ್ತದೆ. ಅವರು ಒಪ್ಪಿದ ಮೇಲೆ ಕೊಟೇಶನ್ ಕರೆಯಿರಿ. ಬಿಡಿ ಚಕ್ರ, ಬಿಡಿ ಮುಚ್ಚಳ, ಪೆಡಲ್ ಸರಳು ಸಿಗುತ್ತದೆಯೇ ಎಂದು ಬರವಣಿಗೆಯಲ್ಲೇ ಕೇಳಿ. ನಾನು ನೋಡಿದಂತೆ ಮೊದಲು ಹೋಗುವುದು ಚಕ್ರ. ಚಕ್ರ ಹೋದ ಡಬ್ಬವನ್ನು ದರದರ ಎಳೆಯುತ್ತಾರೆ, ತಳ ಸವೆದು ತೂತಾಗುತ್ತದೆ. ಆಮೇಲೆ ಹಸಿ ಕಸದ ನೀರು ಗೇಟಿನವರೆಗೂ ಗೆರೆ ಎಳೆದುಕೊಂಡು ಹೋಗುತ್ತದೆ.