ಮಾಸೂ ಮಗುವೂ ಚೆನ್ನಾಗಿರಲು ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಮಾತ್ರೆ ನುಂಗುವುದು ಹೇಗೆ?

ಹೋದ ಮಳೆಗಾಲದಲ್ಲಿ ಒಬ್ಬ ಹೆಣ್ಣುಮಗಳು ಬಂದಳು. ಐದು ತಿಂಗಳ ಬಸುರಿ. ಊರು ಹೇಳುವುದಿಲ್ಲ, ಕೊಡಗು ಸಣ್ಣದು. ಸೆರಗಿನ ಒಳಗಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಎಚ್‌ಐವಿ ಮಾತ್ರೆ, ಕಬ್ಬಿಣದ ಕೆಂಪು ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಮೂರೂ ಒಂದರ ಮೇಲೊಂದು ಬಿದ್ದಿದ್ದವು. ಕೆಂಪು ಬಣ್ಣ ಬಿಳಿ ಮಾತ್ರೆಗೆಲ್ಲ ಮೆತ್ತಿಕೊಂಡಿತ್ತು. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಡಬ್ಬಿ ಯಾರ ಕಣ್ಣಿಗೂ ಬೀಳಬಾರದು ಅಂತ ಹಾಗೆ ಕಟ್ಟಿಟ್ಟಿದ್ದಳು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೆಲ್ಲದ ಕಾಫಿ ಜೊತೆ ಮೂರನ್ನೂ ಒಟ್ಟಿಗೆ ನುಂಗಿ ತೋಟಕ್ಕೆ ಹೋಗುತ್ತಿದ್ದಳು.

"ಒಂದು ದಿನವೂ ತಪ್ಪಿಸಿಲ್ಲ ಸಿಸ್ಟರ್" ಅಂದಳು. ಅದು ನಿಜ. ಆದರೂ ರಕ್ತದಲ್ಲಿ ವೈರಸ್ ಇಳಿದಿರಲಿಲ್ಲ.

ಇಂಥವರನ್ನು ತುಂಬಾ ನೋಡಿದ್ದೇನೆ. "ಆ ಮಾತ್ರೆ ಉಷ್ಣ, ಮಾಸು ಒಣಗುತ್ತೆ" ಅಂತ ಯಾರೋ ಹೇಳಿದ್ದಕ್ಕೆ ಪೂರ್ತಿ ನಿಲ್ಲಿಸಿ ಬಂದವರನ್ನೂ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಪರೀಕ್ಷೆ ಮಾಡಿಸಿ, ಅವತ್ತೇ ಹೆಸರು ಬರೆಸಿ

ತಾಯಿ ಕಾರ್ಡ್ ಮಾಡಿಸುವಾಗಲೇ ಎಚ್‌ಐವಿ ಪರೀಕ್ಷೆ ಆಗಲಿ. ಪಾಸಿಟಿವ್ ಬಂದರೆ ಎಆರ್‌ಟಿ ಕೇಂದ್ರಕ್ಕೆ ಹೋಗಿ. ಮಾತ್ರೆ ಉಚಿತ. ನಿಮ್ಮ ವಿಷಯವನ್ನು ಗುಟ್ಟಾಗಿ ಇಡಬೇಕು ಅಂತ 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಯಾರನ್ನು ಕೇಳುವುದು ಅಂತ ಗೊತ್ತಾಗದಿದ್ದರೆ 1097ಕ್ಕೆ ಫೋನ್ ಮಾಡಿ.

ಹೆಜ್ಜೆ 2: ಮಾಸಿನ ಭಯ ಬಿಡಿಸಿಕೊಳ್ಳಿ

ಹೆರಿಗೆ ಆದ ಮೇಲೆ ಮಾಸನ್ನು ಟ್ರೇಯಲ್ಲಿಟ್ಟು, ಚೂರು ಏನಾದರೂ ಒಳಗೆ ಉಳಿದಿದೆಯಾ ಅಂತ ನೋಡುವುದು ನಮ್ಮ ಕೆಲಸ. ಸುಮಾರು ಅರ್ಧ ಕೆಜಿ ತೂಗುತ್ತದೆ. ಮಗುವಿನ ಕಡೆ ನುಣ್ಣಗೆ, ರಕ್ತನಾಳಗಳು ಹೊಕ್ಕುಳಬಳ್ಳಿಯಿಂದ ಹರಡಿಕೊಂಡಿರುತ್ತವೆ. ತಾಯಿಯ ಕಡೆ ಕಡುಗೆಂಪು, ಉಬ್ಬು ಉಬ್ಬು. ಆ ಉಬ್ಬುಗಳ ಒಳಗೆ ಕೂದಲೆಳೆಯಂಥ ಕವಲುಗಳು. ಕಾಫಿ ಗಿಡದ ಬುಡದಲ್ಲಿ ದರಗು ಸರಿಸಿದರೆ ಮೇಲ್ಮಣ್ಣಿನಲ್ಲಿ ಎಳೆ ಬೇರಿನ ಬಲೆ ಕಾಣುತ್ತದಲ್ವಾ, ಹಾಗೆ. ಗಿಡಕ್ಕೆ ಊಟ ಹೋಗುವುದು ಆ ಎಳೆ ಬೇರಿನಿಂದ. ಮಗುವಿಗೂ ಹಾಗೇ.

ತಾಯಿಯ ರಕ್ತದಲ್ಲಿ ಎಚ್‌ಐವಿ ಜಾಸ್ತಿ ಇದ್ದರೆ ಮಾಸಿನಲ್ಲಿ ಉರಿಯೂತ ಆಗಬಹುದು. ಆಗ ವೈರಸ್ ಮಗುವಿನ ಕಡೆ ದಾಟುವುದು ಸುಲಭ. ಏನೂ ಚಿಕಿತ್ಸೆ ಇಲ್ಲದಿದ್ದರೆ ಬಸುರು, ಹೆರಿಗೆ, ಎದೆಹಾಲು ಎಲ್ಲ ಸೇರಿ 100ರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ಸರಿಯಾಗಿ ಚಿಕಿತ್ಸೆ ತೆಗೆದುಕೊಂಡರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ.

ಹಾಗಾದರೆ ಮಾತ್ರೆಯಿಂದ ಮಾಸಿಗೆ ಏನೂ ಆಗುವುದಿಲ್ಲವಾ? ಮುಚ್ಚಿಡುವುದಿಲ್ಲ. ಎಲ್ಲ ಎಚ್‌ಐವಿ ಔಷಧಿ ಒಂದೇ ಥರ ಅಲ್ಲ. ಲೋಪಿನಾವಿರ್-ರಿಟೋನಾವಿರ್ ಇರುವ ಗುಂಪಿನ ಔಷಧಿ ತೆಗೆದುಕೊಂಡ ಕೆಲವರಲ್ಲಿ, ಬಸುರನ್ನು ಕಾಪಾಡುವ ಹಾರ್ಮೋನು ಪ್ರೊಜೆಸ್ಟರಾನ್ ಕಡಿಮೆ ಇದ್ದದ್ದು ಕಂಡಿದೆ. ಈ ಹಾರ್ಮೋನನ್ನು ಮಾಡುವುದು ಮಾಸೇ. ಅವಧಿಗೆ ಮುಂಚೆ ಹೆರಿಗೆ, ತೂಕ ಕಡಿಮೆ ಇರುವ ಮಗು, ಇವೂ ಆ ಗುಂಪಿನಲ್ಲಿ ಹೆಚ್ಚು ಕಂಡಿವೆ. ನೀವು ಅದರಲ್ಲಿದ್ದರೆ ಡಾಕ್ಟರನ್ನು ಕೇಳಿ. ನೀವೇ ನಿಲ್ಲಿಸಬೇಡಿ.

ಈಗ ನಮ್ಮಲ್ಲಿ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೆ ಒಂದು ಸಲ. ಈ ಮೂರೂ ಮಾಸನ್ನು ದಾಟಿ ಮಗುವಿನ ರಕ್ತಕ್ಕೆ ಹೋಗುತ್ತವೆ. ಕೇಳಿದರೆ ಹೆದರಿಕೆ ಆಗುತ್ತದೆ. ಆದರೆ ಹುಟ್ಟುವ ಹೊತ್ತಿಗೆ ಮಗುವಿನ ಮೈಯಲ್ಲೇ ಔಷಧಿ ಇರುವುದು ಅದಕ್ಕೊಂದು ಕಾವಲು. 2018ರಲ್ಲಿ ಬೋಟ್ಸ್‌ವಾನಾದಿಂದ ಡೊಲುಟೆಗ್ರಾವಿರ್ ಮಗುವಿನ ಬೆನ್ನುಹುರಿಗೆ ತೊಂದರೆ ಮಾಡಬಹುದು ಅನ್ನುವ ಸುದ್ದಿ ಬಂತು. ಮೊಬೈಲಿನಲ್ಲಿ ಅದು ಇವತ್ತಿಗೂ ಓಡಾಡುತ್ತಿದೆ. ಆಮೇಲೆ ಇನ್ನೂ ಸಾವಿರಾರು ಹೆರಿಗೆಗಳನ್ನು ಲೆಕ್ಕ ಹಾಕಿದಾಗ ಆ ಅನುಮಾನ ಕರಗಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಸುರಿಯರಿಗೂ ಇದನ್ನೇ ಕೊಡಿ ಅಂದಿತು. ಭಾರತವೂ ಸೇರಿ 9 ದೇಶಗಳ ಬಸುರಿಯರ ಮೇಲೆ ನಡೆದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಹೆರಿಗೆ ಹೊತ್ತಿಗೆ ವೈರಸ್ ಹತೋಟಿಗೆ ಬಂದಿದ್ದು ಡೊಲುಟೆಗ್ರಾವಿರ್ ತೆಗೆದುಕೊಂಡವರಲ್ಲಿ 98%, ಹಳೆಯ ಎಫಾವಿರೆಂಜ್ ತೆಗೆದುಕೊಂಡವರಲ್ಲಿ 91%.

ಹೆಜ್ಜೆ 3: ಯಾವ ಮಾತ್ರೆ ಯಾವ ಹೊತ್ತಿಗೆ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಕಬ್ಬಿಣ, ಕ್ಯಾಲ್ಸಿಯಂ ಎರಡೂ ಡೊಲುಟೆಗ್ರಾವಿರ್ ಅನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ಬಿಡುತ್ತವೆ. ರಕ್ತಕ್ಕೆ ಸೇರಲು ಬಿಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಒಟ್ಟಿಗೆ ನುಂಗಿದರೆ ಎಚ್‌ಐವಿ ಮಾತ್ರೆಯ ಶಕ್ತಿ ಅರ್ಧಕ್ಕರ್ಧ ಹೋಯಿತು ಅಂತಲೇ ತಿಳಿಯಿರಿ. ಹಾಗಂತ ಕಬ್ಬಿಣ ಬಿಡುವ ಹಾಗಿಲ್ಲ. ರಕ್ತ ಕಡಿಮೆ ಇದ್ದರೆ ಮಗುವಿಗೂ ಕಷ್ಟ. ಲೆಕ್ಕ ಇಷ್ಟೇ: ಟಿಎಲ್‌ಡಿ ನುಂಗಿ 2 ಗಂಟೆ ಆದ ಮೇಲೆ ಕಬ್ಬಿಣ, ಕ್ಯಾಲ್ಸಿಯಂ ತೆಗೆದುಕೊಳ್ಳಬಹುದು. ಅವನ್ನು ಮೊದಲು ನುಂಗಿದ್ದರೆ ಟಿಎಲ್‌ಡಿಗೆ 6 ಗಂಟೆ ಕಾಯಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೂಡ ಒಟ್ಟಿಗೆ ಬೇಡ, ಒಂದನ್ನೊಂದು ತಡೆಯುತ್ತವೆ.

ನಾನು ಬರೆದುಕೊಡುವ ಹೊತ್ತು ಹೀಗಿದೆ. ಬೆಳಿಗ್ಗೆ 8ಕ್ಕೆ ರೊಟ್ಟಿಯೋ ಪುಟ್ಟೋ ತಿಂದು ಒಂದು ಕ್ಯಾಲ್ಸಿಯಂ. ಮಧ್ಯಾಹ್ನ 1ಕ್ಕೆ ಊಟ ಆದ ಮೇಲೆ ಇನ್ನೊಂದು. ರಾತ್ರಿ 8ಕ್ಕೆ ಊಟದ ಜೊತೆ ಟಿಎಲ್‌ಡಿ. 10ಕ್ಕೆ ಮಲಗುವಾಗ ಕಬ್ಬಿಣ. ರಾತ್ರಿಯ ಟಿಎಲ್‌ಡಿಯಿಂದ ನಿದ್ದೆ ಕೆಡುತ್ತಿದ್ದರೆ ಹೇಳಿ, ಹೊತ್ತು ಬದಲಾಯಿಸೋಣ.

10ರವರೆಗೆ ಎಚ್ಚರ ಇರಲು ಆಗುವುದಿಲ್ಲ ಅಂತೀರಾ? ಕುಯಿಲಿನ ದಿನಗಳಲ್ಲಿ ಬೆನ್ನು ಮುರಿಯುವಷ್ಟು ಕೆಲಸ, ನನಗೆ ಗೊತ್ತು. ಹಾಗಿದ್ದರೆ ಹೊಟ್ಟೆ ತುಂಬಾ ಊಟ ಮಾಡುತ್ತಾ ಟಿಎಲ್‌ಡಿ ಮತ್ತು ಕಬ್ಬಿಣ ಒಟ್ಟಿಗೆ ನುಂಗಬಹುದು. ಅನ್ನದ ಜೊತೆ ಹೋದಾಗ ಆ ಜಗಳ ಆಗುವುದಿಲ್ಲ. ಎರಡು ಬಿಸ್ಕತ್ತು ತಿಂದು ನುಂಗಿದರೆ ಅದು ಊಟ ಅಲ್ಲ.

ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾ ಜೊತೆ ಯಾವತ್ತೂ ಬೇಡ. ಎಷ್ಟು ನುಂಗಿದರೂ ರಕ್ತ ಏರುವುದಿಲ್ಲ. ನೀರಿನಲ್ಲಿ ನುಂಗಿ, ಕಿತ್ತಳೆ ಇದ್ದರೆ ನಾಲ್ಕು ತೊಳೆ ತಿನ್ನಿ.

ಇನ್ನು ಗ್ಯಾಸ್ ಸಿರಪ್. ಎದೆಯುರಿ ಅಂದ ತಕ್ಷಣ ಅಂಗಡಿಯಿಂದ ತಂದು ಕುಡಿಯುತ್ತಾರೆ. ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಷಿಯಂ ಕೂಡ ಡೊಲುಟೆಗ್ರಾವಿರ್ ಅನ್ನು ಹಿಡಿಯುತ್ತವೆ. ಇಲ್ಲಿ ಊಟದ ಉಪಾಯ ನಡೆಯುವುದಿಲ್ಲ, 2 ಗಂಟೆ, 6 ಗಂಟೆಯ ಲೆಕ್ಕವೇ ಬೇಕು. ಮಗು ದಪ್ಪ ಆಗುತ್ತೆ ಅಂತ ಮಾರುವ ಡಬ್ಬಿ ಪುಡಿಗಳಲ್ಲೂ ಕಬ್ಬಿಣ, ಕ್ಯಾಲ್ಸಿಯಂ ಸೇರಿಸಿರುತ್ತಾರೆ. ಆ ದುಡ್ಡಿಗೆ ಮೊಟ್ಟೆ, ಮೀನು ತನ್ನಿ.

ನುಂಗಿದ ಒಂದು ಗಂಟೆಯೊಳಗೆ ವಾಂತಿ ಆದರೆ ಇನ್ನೊಂದು ಟಿಎಲ್‌ಡಿ ನುಂಗಿ. ಗಂಟೆ ದಾಟಿದ್ದರೆ ಬೇಡ. ಟಿಬಿ ಮಾತ್ರೆ ನಡೆಯುತ್ತಿದ್ದರೆ ಮೊದಲೇ ಹೇಳಿ, ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗಬಹುದು.

ಹೆಜ್ಜೆ 4: ಡಬ್ಬಿ

ಲೇಬಲ್ ಕಿತ್ತುಹಾಕಿ, ಅಡ್ಡಿಯಿಲ್ಲ. ಆದರೆ ಮಾತ್ರೆ ಅದೇ ಡಬ್ಬಿಯಲ್ಲಿರಲಿ. ಒಳಗಿನ ತೇವ ಹೀರುವ ಪುಟ್ಟ ಪೊಟ್ಟಣವನ್ನೂ ಬಿಸಾಡಬೇಡಿ. ನಮ್ಮ ಜೂನ್, ಜುಲೈನಲ್ಲಿ ಕಪಾಟಿನ ಬಟ್ಟೆಗೇ ಬೂಸ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟ ಮಾತ್ರೆ ಉಳಿಯುತ್ತದಾ? 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಹೋದವು. ಮಳೆ ಹಿಡಿಯುವ ಮುಂಚೆಯೇ ಎಆರ್‌ಟಿ ಕೇಂದ್ರದಲ್ಲಿ ಹೆಚ್ಚುವರಿ ಮಾತ್ರೆ ಕೇಳಿಟ್ಟುಕೊಳ್ಳಿ. ಕೆಲಸ ಮುಗಿಸಿ ಅಸ್ಸಾಮಿಗೋ ಜಾರ್ಖಂಡಿಗೋ ಹೊರಡುವವರು ವರ್ಗಾವಣೆ ಚೀಟಿ ಬರೆಸಿಕೊಂಡೇ ಹೊರಡಿ.

ಹೆಜ್ಜೆ 5: ಮಾಸಿನ ಮೇಲೆ ಕಣ್ಣು

ಪ್ರತಿ ಸಲ ಬಿಪಿ ನೋಡಿಸಿ. ಮಗುವಿನ ಬೆಳವಣಿಗೆ ನೋಡುವ ಸ್ಕ್ಯಾನ್ ತಪ್ಪಿಸಬೇಡಿ, ಮಾಸು ಸರಿಯಾಗಿ ಊಟ ಕೊಡುತ್ತಿದೆಯಾ ಅಂತ ಅದರಲ್ಲೇ ಗೊತ್ತಾಗುವುದು. ಟೆನೊಫೊವಿರ್ ಇರುವುದರಿಂದ ಕಿಡ್ನಿ ಪರೀಕ್ಷೆಯೂ ಬೇಕು. 32ರಿಂದ 36ನೇ ವಾರದೊಳಗೆ, ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಪರೀಕ್ಷೆ ಆಗಲೇಬೇಕು. ಹೆರಿಗೆ ಹೇಗೆ, ಮಗುವಿಗೆ ಯಾವ ಔಷಧಿ ಅನ್ನುವುದನ್ನು ಅದನ್ನು ನೋಡಿಯೇ ತೀರ್ಮಾನಿಸುತ್ತಾರೆ.

ಮಗುವಿನ ಓಡಾಟ ಕಡಿಮೆ ಆದರೆ, ತಲೆ ಸಿಡಿದು ಕಣ್ಣು ಮಂಜಾದರೆ, ರಕ್ತ ಕಂಡರೆ ಅದೇ ಗಳಿಗೆ ಆಸ್ಪತ್ರೆಗೆ ಬನ್ನಿ. ಇಲ್ಲಿ ನನ್ನದೊಂದು ಹಟ ಇದೆ. ಕಕ್ಕಡ (ಆಟಿ) ತಿಂಗಳ 18ನೇ ದಿನ ಕೊಡಗಿನಲ್ಲಿ ಮಾಡುವ ಮದ್ದುಸೊಪ್ಪಿನ ಪಾಯಸ ಬಸುರಿ ಇರುವ ವರ್ಷ ಬಿಡಿ. ಅದನ್ನು ತಿಂದರೆ ಮೂತ್ರ ಕೆಂಪಾಗುತ್ತದೆ. ಕೆಂಪು ಸೊಪ್ಪಿನದೋ ರಕ್ತದ್ದೋ ಅಂತ ಬಚ್ಚಲಲ್ಲಿ ನಿಂತು ಯೋಚಿಸುವ ಸ್ಥಿತಿ ಬೇಡ.

ಹೆಜ್ಜೆ 6: ಹೆರಿಗೆ ಆದ ಮೇಲೆ

ಆಸ್ಪತ್ರೆಯಲ್ಲೇ ಹೆರಿಗೆ. ನಿಮ್ಮ ಮಾತ್ರೆ ಅವತ್ತೂ ನಿಲ್ಲುವುದಿಲ್ಲ, ಬಾಣಂತನದಲ್ಲೂ ನಿಲ್ಲುವುದಿಲ್ಲ. ವೈರಸ್ ಹತೋಟಿಯಲ್ಲಿದ್ದರೆ ಮಗುವಿಗೆ ಸಾಮಾನ್ಯವಾಗಿ 6 ವಾರ ಎಚ್‌ಐವಿ ತಡೆಯುವ ಸಿರಪ್ ಕೊಡುತ್ತಾರೆ. ಎದೆಹಾಲು ಕೊಡುವುದಾದರೆ ಮೊದಲ 6 ತಿಂಗಳು ಅದೊಂದೇ, ಜೇನು, ಬಜೆ ಯಾವುದೂ ಬೇಡ. 6 ವಾರಕ್ಕೆ ಮಗುವಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. 6 ವಾರದ ಲಸಿಕೆಯೂ ಆ ಹೊತ್ತಿಗೇ ಇರುತ್ತದೆ. ಮೊದಲೇ ಕೇಳಿ ಒಂದೇ ದಿನ ಇಟ್ಟುಕೊಂಡರೆ ಒಂದೇ ಬಸ್ ಚಾರ್ಜಿನಲ್ಲಿ ಎರಡೂ ಆಗುತ್ತದೆ.