ಹೆಬ್ಬಾತಿನ ಕತ್ತಿನ ಪಟ್ಟಿ ಓದೋದು ಹೇಗೆ

ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರ್ತವೆ, ಬಿಳಿ ತಲೆ ಹಿಂದೆ ಎರಡು ಕಪ್ಪು ಪಟ್ಟೆ, ಹಿಮಾಲಯ ದಾಟೋವಾಗ 7000 ಮೀಟರ್‌ಗಿಂತ ಮೇಲೆ ಹಾರಿದ್ದೂ ದಾಖಲಾಗಿದೆ. ಮಂಗೋಲಿಯಾದಲ್ಲಿ ಸಂಶೋಧಕರು ಕೆಲವಕ್ಕೆ ಕತ್ತಿಗೆ ಪ್ಲಾಸ್ಟಿಕ್ ಪಟ್ಟಿ ಹಾಕಿರ್ತಾರೆ, ಅದರ ಅಕ್ಷರ-ನಂಬರ್ ನಾವು ಓದಿ ತಿಳಿಸಿದ್ರೆ ಆ ಹಕ್ಕಿ ಚಳಿಗಾಲ ಎಲ್ಲಿ ಕಳೀತು ಅಂತ ಅವ್ರಿಗೆ ಗೊತ್ತಾಗುತ್ತೆ.

ಬೆಳಿಗ್ಗೆ ಬೇಗ ಹೋಗಿ, ಬಿಸಿಲು ನಿಮ್ಮ ಬೆನ್ನಿಗಿರ್ಲಿ. ರಾತ್ರಿ ಗದ್ದೇಲಿ ಮೇಯ್ದು ಬಂದು ಹಗಲು ಕೆರೇಲಿ ನಿದ್ದೆ ಮಾಡ್ತವೆ, ಆಗ ಕೊಕ್ಕು ರೆಕ್ಕೆಯೊಳಗೆ ಸಿಕ್ಕಿಸ್ಕೊಂಡಿರೋದ್ರಿಂದ ಪಟ್ಟಿ ಕಾಣೋದೇ ಇಲ್ಲ, ಕಾಯ್ಬೇಕು ಅಷ್ಟೆ. ನಾನು ಒಂದ್ಸಲ ಮುಕ್ಕಾಲು ಗಂಟೆ ಏರಿ ಮೇಲೆ ಕೂತಿದ್ದೆ, ಕೊನೆಗೆ ಕತ್ತು ಎತ್ತಿ ನೀರು ಕೊಡವಿದಾಗ ಎರಡೇ ಸೆಕೆಂಡ್ ಕಾಣಿಸ್ತು, ಮೈ ಜುಮ್ಮಂತು!

ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡೋ ಚಿಕ್ಕ ದೂರದರ್ಶಕ) ಇದ್ರೆ ಒಳ್ಳೇದು, ಇಲ್ದಿದ್ರೆ ಜೂಮ್ ಕ್ಯಾಮೆರಾದಲ್ಲಿ ಸಾಲಾಗಿ ಫೋಟೋ ತೆಗೀರಿ. ಇಂಗ್ಲಿಷ್ B ಮತ್ತೆ 8 ಗೊಂದಲ ಆಗುತ್ತೆ, ಅನುಮಾನ ಇದ್ರೆ ಊಹೆ ಬರೀಬೇಡಿ. ಪಟ್ಟಿ ಬಣ್ಣ, ಕೋಡ್, ದಿನಾಂಕ, ಜಾಗ, ಹಿಂಡಲ್ಲಿ ಎಷ್ಟಿದ್ವು ಎಲ್ಲಾ ಬರೆದು ಫೋಟೋ ಸಮೇತ ಇಬರ್ಡ್‌ಗೆ (ಕಂಡ ಹಕ್ಕಿಗಳನ್ನ ದಾಖಲಿಸೋ ವೆಬ್‌ಸೈಟ್, eBird) ಹಾಕಿ. ದಯವಿಟ್ಟು ಹತ್ರ ಹೋಗಿ ಹಾರಿಸ್ಬೇಡಿ, ವಾಪಸ್ ಪ್ರಯಾಣಕ್ಕೆ ಅವು ಕೊಬ್ಬು ಕೂಡಿಡೋ ಟೈಮ್ ಅದು.