ಮುಳ್ಳಯ್ಯನಗಿರಿಗೆ ಹೊರಡೋ ಮುಂಚೆ ನಿದ್ದೆ ಮಾಡಿ
ಹಾಸನದಿಂದ ಬೆಳಗಿನ ಜಾವ ಗಿರಿಗೆ ಬೈಕಿನಲ್ಲಿ ಹೋಗುವ ಹುಡುಗರಿಗೆ ಒಂದು ಮಾತು. ರಾತ್ರಿಯೆಲ್ಲ ರೀಲ್ಸ್ ನೋಡಿ ನಾನೂ ಹಾಗೇ ಹೊರಟವನು. ಗಿರಿ ದಾರಿಯ ಕೈಮರ ಚೆಕ್‌ಪೋಸ್ಟ್ ದಾಟಿ ಒಂದು ತಿರುವಿನಲ್ಲಿ ಕಣ್ಣು ಎಳೆಯಿತು. ಬಿಟ್ಟಾಗ ಮುಂದಿನ ಚಕ್ರ ರಸ್ತೆ ಅಂಚಿನ ಮಣ್ಣಿನಲ್ಲಿತ್ತು.

ಕುಡಿದಿಲ್ಲವಲ್ಲ ಅನ್ನೋ ಧೈರ್ಯ ಬೇಡ. ಸತತ 17 ಗಂಟೆ ಎಚ್ಚರವಿದ್ದರೆ, 100 ಮಿಲಿ ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದವರಷ್ಟೇ ಮಂಕಾಗುತ್ತೇವೆ. ನಮ್ಮ ಕಾನೂನಿನ ಮಿತಿ ಬರೀ 30!

ಆಕಳಿಕೆ ಜಾಸ್ತಿಯಾಯ್ತಾ? ಬೇಲೂರು ದಾಟಿದ್ದೇ ನೆನಪಿಲ್ವಾ? ಗಾಡಿ ಸೈಡಿಗೆ ಹಾಕಿ. ಒಂದು ಕಾಫಿ ಕುಡಿದು, ತಕ್ಷಣ 20 ನಿಮಿಷ ಮಲಗಿ. ಕಾಫಿ ಕೆಲಸ ಶುರುಮಾಡೋಕೆ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು. ಮುಖಕ್ಕೆ ಸುಮ್ನೆ ನೀರು ಎರಚಿಕೊಂಡರೆ ಸಾಲದು. ಸೂರ್ಯೋದಯ ತಪ್ಪಿದರೆ ತಪ್ಪಲಿ, ಮಂಜಿದ್ದರೆ ಹೇಗೂ ಕಾಣಲ್ಲ ಅಲ್ವಾ?